ಕೆಳಸಕ್ಕರೆಯ ತಟ್ಟೆ

ಶಿರಾದ ನಮ್ಮ ಸಕ್ಕರೆ ಮನೆಯ ಹಿತ್ತಲ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ನಾನು ಉತ್ತರಕ್ಕೆ ಎನ್ನುತ್ತೇನೆ, ನನ್ನ ತಮ್ಮ ಪಶ್ಚಿಮಕ್ಕೆ ಎನ್ನುತ್ತಾನೆ. ಮನೆ ಈಗ ಇಲ್ಲದ್ದರಿಂದ ಇಬ್ಬರನ್ನೂ ತಿದ್ದುವವರಿಲ್ಲ. ಹೋದ ವರ್ಷ ಅಲ್ಲಿಗೆ ಹೋದಾಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇತ್ತು. ಬಿಸಿಲು ಬೀಳುವ ಕಡೆ ನೋಡಿ ಅಂಗಳ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಅಂಗಡಿಯವರು ಹೊರಗೆ ಬಂದು "ಹಾಲಿಗಾ ಮೇಡಂ, ಬಾತ್‌ರೂಮಿಗಾ?" ಎಂದು ಕೇಳಿದರು. ಏನೂ ಬೇಡ ಎಂದು ಹೇಳಿ ಬಂದುಬಿಟ್ಟೆ. ಹಾಗಾಗಿ ಇಲ್ಲಿ ನಾನು ಬರೆಯುವುದರಲ್ಲಿ ಗೋಡೆಯ ಬಣ್ಣ, ಯಾರು ಯಾವ ಕಂಬಕ್ಕೆ ಒರಗಿ ಕೂತಿದ್ದರು, ಯಾವ ಮಾತು ಮೊದಲು ಬಂತು ಎಂಬಂಥವು ತಪ್ಪಿರಬಹುದು. ಎಷ್ಟೋ ವರ್ಷದಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಬರೆದಿಟ್ಟದ್ದನ್ನು ತಿರುಗಿ ಓದುವ ಅಭ್ಯಾಸವೂ ಇರುವುದರಿಂದ ನನ್ನ ನೆನಪು ತನಗೆ ಬೇಕಾದಂತೆ ಬದಲಾಗುತ್ತದೆ ಎಂಬುದು ಗೊತ್ತಿದೆ. ಇಷ್ಟಾಗಿಯೂ ಒಂದು ಸಂಗತಿಯಲ್ಲಿ ಮಾತ್ರ ತಪ್ಪಾಗಬಾರದು ಎಂದು ನನಗೆ ಆಸೆ. ಅದು ನನ್ನ ಸೋದರತ್ತೆ ನೀಲಮ್ಮನ ಮದುವೆ ನಿಂತುಹೋದ ಸಂಗತಿ.

ಬೀದಿಯ ಕಡೆಗೆ ಮನೆ, ಅದರ ಹಿಂದೆ ಅಂಗಳ, ಅಂಗಳದಾಚೆ ಸಕ್ಕರೆ ಕಾರ್ಖಾನೆ. ಪೇಟೆಯವರು ಎಲ್ಲವನ್ನೂ ಸೇರಿಸಿ ಸಕ್ಕರೆ ಮನೆ ಎನ್ನುತ್ತಿದ್ದರು. ಅದು ಎಷ್ಟು ಹಳೆಯದು ಎಂಬುದು ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ತಾತ ಮಾತ್ರ, ನಮ್ಮ ಹಿರೀಕರು ನವಾಬರ ಅಡುಗೆಮನೆಗೆ ಸಕ್ಕರೆ ಕೊಡುತ್ತಿದ್ದರು ಎಂದು ಹೇಳುತ್ತಿದ್ದರು. ಒಂದೊಂದು ಸಲ ಒಬ್ಬೊಬ್ಬ ನವಾಬನ ಹೆಸರು ಹೇಳುತ್ತಿದ್ದರು. ನಾನು ಮುಂದೆ ಇತಿಹಾಸ ಓದಿ, ತುಮಕೂರಿನಲ್ಲಿ ಅದನ್ನೇ ಪಾಠ ಮಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿರುವಿ ಹಾಕಿದೆ. ನಮ್ಮ ಮನೆಯ ಹೆಸರು ಎಲ್ಲೂ ಕಾಣಲಿಲ್ಲ. ಕಾಣದಿದ್ದರೂ ಆ ಒಲೆಯ ಕಲ್ಲುಗಳು ಒಳಕ್ಕೆ ಸವೆದು ಹೊಳೆಯುತ್ತಿದ್ದುದು ನಿಜ. ಅಷ್ಟು ಸವೆಯಲು ಬಹಳ ತಲೆಮಾರು ಬೇಕು.

ಕೊರಟಗೆರೆ, ಮಧುಗಿರಿ ಕಡೆಯಿಂದ ಬೆಲ್ಲ ಬರುತ್ತಿತ್ತು. ಬೆಲ್ಲವನ್ನು ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ನೀರು ಹಾಕಿ ಕರಗಿಸಿ ಕುದಿಸುತ್ತಿದ್ದರು. ಬೆಂಡೆ ಗಿಡದ ಲೋಳೆ, ಸ್ವಲ್ಪ ಹಾಲು ಹಾಕಿದರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆಯುತ್ತ ತೆಗೆಯುತ್ತ ಪಾಕ ಗಟ್ಟಿಯಾಗುತ್ತಿತ್ತು. ಆಮೇಲೆ ಅದನ್ನು ತಳದ ತೂತಿಗೆ ಹುಲ್ಲು ತುರುಕಿದ ಮಡಕೆಗಳಿಗೆ ಸುರಿದು, ಕಣಕಟ್ಟುವವರೆಗೆ ಬಿಡುತ್ತಿದ್ದರು. ಹುಲ್ಲು ಕಿತ್ತರೆ ಕರಿಯ ಕಾಕಂಬಿ ತೊಟ್ಟಿಕ್ಕಲು ಶುರುವಾಗುತ್ತಿತ್ತು. ಇಲ್ಲಿಯವರೆಗಿನದು ಗಂಡಸರ ಕೆಲಸ. ಇಲ್ಲಿಂದ ಮುಂದಿನದು ಅಂಗಳದ ಮೂಲೆಯಲ್ಲಿದ್ದ, ಕಿಟಕಿ ಇಲ್ಲದ ಒಂದು ಕೋಣೆಯಲ್ಲಿ ನಡೆಯುತ್ತಿತ್ತು. ಅದನ್ನು ಪಾಚಿ ಕೋಣೆ ಎನ್ನುತ್ತಿದ್ದೆವು. ಮದಲೂರು ಕೆರೆಯಿಂದ ತಂದ ಹಸಿ ನೀರುಪಾಚಿಯನ್ನು ಪ್ರತಿ ಮಡಕೆಯ ಬಾಯಿಗೆ ದಪ್ಪಗೆ ಹೊದಿಸಬೇಕು. ಪಾಚಿಯ ತೇವ ನಿಧಾನವಾಗಿ ಇಳಿದು, ಕಣಗಳಿಗೆ ಅಂಟಿದ ಕಪ್ಪನ್ನು ತೊಳೆದುಕೊಂಡು ಕೆಳಗೆ ಹೋಗುತ್ತದೆ. ಪಾಚಿ ತೆಗೆದರೆ ಮೇಲಿನ ಒಂದು ಪದರ ಬೆಳ್ಳಗಾಗಿರುತ್ತದೆ. ಅದನ್ನು ಕೆರೆದು ತೆಗೆದು, ಹೊಸ ಪಾಚಿ ಹೊದಿಸಬೇಕು. ಹೀಗೆ ಮಾಡುತ್ತ ಹೋದರೂ ಮಡಕೆಯ ತಳದ್ದು ಬೆಳ್ಳಗಾಗುವುದೇ ಇಲ್ಲ. ಕೆಂಪಗೆ, ಜಿಗುಟಾಗಿ ಉಳಿಯುತ್ತದೆ. ಮೊದಲನೆಯದು ಮೇಲ್ಸಕ್ಕರೆ. ತಳದ್ದು ಕೆಳಸಕ್ಕರೆ. ಮೇಲ್ಸಕ್ಕರೆ ಮಠಗಳಿಗೆ, ಔಷಧಿ ಮಾಡುವ ಪಂಡಿತರಿಗೆ ಹೋಗುತ್ತಿತ್ತು. ಗಿರಣಿ ಸಕ್ಕರೆಗೆ ಮೂಳೆ ಇದ್ದಿಲು ಹಾಕುತ್ತಾರೆ ಎಂದು ನಮ್ಮ ಕಡೆಯ ಮಡಿವಂತರು ನಂಬಿದ್ದರು. ಊರಿಗೆಲ್ಲ ಗಿರಣಿ ಸಕ್ಕರೆ ಬಂದ ಮೇಲೂ ನಮ್ಮ ಒಲೆ ಉರಿಯುತ್ತಿದ್ದದ್ದು ಆ ನಂಬಿಕೆಯಿಂದ.

ಪಾಚಿ ಕೋಣೆ ನೀಲತ್ತೆಯದು. ಬಾಗಿಲು ತೆಗೆಯುವುದು, ಹಾಕುವುದು ಅವಳೊಬ್ಬಳೇ. ಬಿಸಿಗಾಳಿ ಹೊಕ್ಕರೆ ಪಾಚಿ ಒಣಗಿ ಸಕ್ಕರೆ ಗಂಟುಕಟ್ಟುತ್ತದೆ; ನೀರು ಹೆಚ್ಚಾದರೆ ಸಕ್ಕರೆಯೇ ಕರಗಿ ಕಾಕಂಬಿಯ ಜೊತೆ ಹೋಗುತ್ತದೆ. ಎಷ್ಟು ತೇವ ಸಾಕು ಎಂಬುದನ್ನು ಅವಳು ಅಂಗೈಯಿಂದ ನೋಡುತ್ತಿರಲಿಲ್ಲ, ಕೈಯನ್ನು ತಿರುಗಿಸಿ ಹಿಂಗೈಯನ್ನು ಪಾಚಿಯ ಮೇಲೆ ಒತ್ತಿ ನೋಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಅವಳ ಕೈ ಯಾವಾಗಲೂ ತಣ್ಣಗೆ. ಮೈಗೆ ಕೆರೆಯ ವಾಸನೆ. ನನಗೆ ತಲೆ ಬಾಚುವಾಗ ಕಿವಿಯ ಹಿಂದೆ ಆ ಕೈ ತಾಕಿದರೆ ಮೈ ಜುಮ್ಮೆನ್ನುತ್ತಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಅವಳ ಜೊತೆ ಒಳಗೆ ಹೋಗಿ ಕೂರುತ್ತಿದ್ದೆ. ಕತ್ತಲೆ, ತಂಪು, ಎಲ್ಲ ಮಡಕೆಗಳಿಂದಲೂ ಒಂದೊಂದು ಲಯದಲ್ಲಿ ತೊಟ್ಟಿಕ್ಕುವ ಸದ್ದು. ಅವಳು ಅಲ್ಲಿ ಮಾತಾಡುತ್ತಿರಲಿಲ್ಲ. ಮಾತಾಡಬಾರದು ಎಂಬ ನಿಯಮವಿತ್ತೋ, ಅವಳಿಗೇ ಬೇಡವಾಗಿತ್ತೋ, ನಾನು ಕೇಳಲಿಲ್ಲ. ಈಗಲೂ ನನಗೆ ಮಾತಿಲ್ಲದ ಕೋಣೆಗಳಲ್ಲಿ ಕೂತರೆ ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಗಂಡನಿಗೆ ಇದು ಬಹಳ ಕಾಲ ಅರ್ಥವಾಗಲಿಲ್ಲ, ಸಿಟ್ಟು ಎಂದುಕೊಳ್ಳುತ್ತಿದ್ದರು.

ಪಾಚಿ ತರುತ್ತಿದ್ದವಳು ಮದಲೂರಿನ ಹನುಮಕ್ಕ. ಗಾಡಿಯಲ್ಲಿ ಹಸಿ ಗೋಣಿಚೀಲಗಳನ್ನು ಹೇರಿಕೊಂಡು ಬಂದು ಹಿತ್ತಲ ಗೋಡೆಯಾಚೆ ನಿಲ್ಲುತ್ತಿದ್ದಳು. ಗೋಡೆಯಿಂದ ಈಚೆಗೆ ಅವಳು ಬರುವಂತಿರಲಿಲ್ಲ. ಅವಳ ಕೈ ಕಿತ್ತ ಪಾಚಿ ನೇರವಾಗಿ ಸಕ್ಕರೆಯ ಮೇಲೆ ಕೂರುತ್ತಿತ್ತು, ಆ ಸಕ್ಕರೆ ಮಡಿ ಎಂದು ಮಠಕ್ಕೆ ಹೋಗುತ್ತಿತ್ತು, ಅವಳಿಗೆ ಮಾತ್ರ ಮಜ್ಜಿಗೆಯನ್ನು ಗೋಡೆಯ ಮೇಲಿಂದ ಬೊಗಸೆಗೆ ಸುರಿಯುತ್ತಿದ್ದರು. ಅಜ್ಜಿಯನ್ನು ಕೇಳಿದರೆ "ಪಾಚಿ ನೀರಿಂದು, ನೀರಿಗೆಲ್ಲಿ ಮೈಲಿಗೆ?" ಎನ್ನುತ್ತಿದ್ದರು. ಇದನ್ನೆಲ್ಲ ನಾನು ಚಿಕ್ಕವಳಿದ್ದಾಗಲೇ ಗಮನಿಸಿದೆ ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಬಹುಶಃ ಗಮನಿಸಿದ್ದು ಕಾಲೇಜಿಗೆ ಹೋದ ಮೇಲೆ. ಆಗ ನನ್ನ ಕಿವಿಗೆ ಬಿದ್ದದ್ದು ಗೋಡೆಯ ಎರಡೂ ಕಡೆಯಿಂದ ನಡೆಯುತ್ತಿದ್ದ ಮಾತು ಮಾತ್ರ. ಆ ವರ್ಷದ್ದು ಹೀಗಿತ್ತು:

"ಅಮ್ಮಣ್ಣಿ, ಈ ಸಲ ನಿಮ್ಮನ್ನ ಯಾರ್ಗೋ ತೋರುಸ್ತಾರಂತೆ?"

"ಯಾರ್ ಹೇಳಿದ್ರು ನಿಂಗೆ?" ಎಂದಳು ನೀಲತ್ತೆ.

"ಕೆರೆ ಹೇಳ್ತು. ನೀವ್ ಹೋಗ್ಬುಟ್ರೆ ಈ ಪಾಚೀನ ನಾನ್ಯಾರ್ ಕೈಗೆ ಕೊಡ್ಲಿ? ನಿಮ್ಮತ್ತಿಗ್ಯಮ್ಮ ಮೂಗ್ ಮುಚ್ಕಂತಾರೆ."

"ಮುಚ್ಕೊಂಡೇ ಇಸ್ಕಂತಾರೆ ಬುಡು."

"ಮೂಗ್ ಮುಚ್ಕಳೋರ್ನ ಕಂಡ್ರೆ ಪಾಚೀಗಾಗಕಿಲ್ಲ ಕಣಮ್ಮಣ್ಣಿ. ಸಕ್ರೆ ಕರ್ರಗಾಯ್ತದೆ, ನೋಡ್ತಿರಿ."

ನೀಲತ್ತೆ ನಕ್ಕಳು. ಅವಳು ಹಲ್ಲು ಕಾಣುವಂತೆ ನಗುತ್ತಿದ್ದದ್ದು ಹನುಮಕ್ಕನ ಹತ್ತಿರ ಮಾತ್ರ.

ಈಗ ತಟ್ಟೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ವ್ಯಾಪಾರಕ್ಕಾಗಲಿ ಸಂಬಂಧಕ್ಕಾಗಲಿ ಬಂದವರಿಗೆ ಬಾಯಿಬಿಟ್ಟು ಹೂಂ ಅಥವಾ ಇಲ್ಲ ಅನ್ನುವ ಪದ್ಧತಿ ಇರಲಿಲ್ಲ. ಸಕ್ಕರೆ ಮಾರುವವರ ನಾಲಿಗೆಯಲ್ಲಿ ಇಲ್ಲ ಎಂಬ ಮಾತು ಬರಬಾರದು ಎಂದು ಯಾವ ಕಾಲದಲ್ಲೋ ಯಾರೋ ಮಾಡಿದ ಕಟ್ಟಳೆ. ಪಡಸಾಲೆಯಲ್ಲಿ ಮಾತುಕತೆ ಮುಗಿಯುವ ಹೊತ್ತಿಗೆ ತಾತ ನೀರು ಕುಡಿಯುವ ನೆವದಲ್ಲಿ ಒಳಗೆ ಬಂದು "ಮೇಲಿಂದು" ಅಥವಾ "ಕೆಳಗಿಂದು" ಎಂದು ಹೇಳಿ ಹೋಗುತ್ತಿದ್ದರು. ಉಗ್ರಾಣದಲ್ಲಿ ಎರಡು ಜಾಡಿಗಳು ಪಕ್ಕಪಕ್ಕದಲ್ಲಿ ಇರುತ್ತಿದ್ದವು. ಹೆಂಗಸರು ಅವರು ಹೇಳಿದ ಸಕ್ಕರೆಯ ಜಾಡಿಯಿಂದ ತಟ್ಟೆ ತುಂಬಿ, ಬಟ್ಟೆ ಮುಚ್ಚಿ ಕಳಿಸುತ್ತಿದ್ದರು. ಬಟ್ಟೆ ಎತ್ತಿದಾಗ ಬಿಳಿ ಸಕ್ಕರೆ ಕಂಡರೆ ಒಪ್ಪಿಗೆ, ಕೆಂಪು ಕಂಡರೆ ಇಲ್ಲ. ಬಂದವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಎಲೆ ಅಡಿಕೆ ತೆಗೆದುಕೊಂಡು ಎದ್ದು ಹೋಗಬೇಕು. ತಟ್ಟೆ ಬಂದ ಮೇಲೆ ಮತ್ತೆ ಕೇಳುವಂತಿಲ್ಲ. ಮಿಠಾಯಿ ಅಂಗಡಿಯ ಮಹಬೂಬ್ ಸಾಬರು ಮಾತ್ರ ಕೇಳುತ್ತಿದ್ದರು. ರಂಜಾನಿಗೆ ಮುಂಚೆ ಬಂದು, ಬೆಲೆ ಇಳಿಸಿ ಇಳಿಸಿ ಕೇಳಿ, ಬಟ್ಟೆ ಎತ್ತಿ ನೋಡಿ, "ಕ್ಯಾ ಸ್ವಾಮಿ, ಇವತ್ತೂ ಲಾಲ್ ಇಟ್ಬುಟ್ರಾ? ನಿಮ್ಮನೆ ತಟ್ಟೇಗೆ ರಹಂ ಅನ್ನೋದೇ ಇಲ್ವಲ್ಲ" ಎಂದು ಕೆಳಸಕ್ಕರೆಯನ್ನೇ ಅಷ್ಟೂ ತಿಂದು ಹೋಗುತ್ತಿದ್ದರು. ಮಾರನೆಯ ದಿನ ಸರಿಯಾದ ಬೆಲೆ ಹೇಳಿಕೊಂಡು ಬರುತ್ತಿದ್ದರು. ತಾತ ಅವರೊಬ್ಬರಿಗೆ ಅದನ್ನು ಮಾಫಿ ಮಾಡಿದ್ದರು.

ನೀಲತ್ತೆಗೆ ಆ ಕಾಲದ ಲೆಕ್ಕದಲ್ಲಿ ಮದುವೆಯ ವಯಸ್ಸು ದಾಟಿತ್ತು. ಗಂಡುಗಳು ಬರಲಿಲ್ಲ ಎಂದಲ್ಲ. ಪ್ರತಿ ವರ್ಷವೂ ಯಾರೋ ಒಬ್ಬರ ಮಾತು ಬರುತ್ತಿತ್ತು, "ಈ ಸಲದ ಸಕ್ಕರೆ ಇಳೀಲಿ ಬುಡಿ, ಆಮ್ಯಾಕೆ ನೋಡಾನ" ಎಂದು ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಮಧುಗಿರಿಯ ಬೆಲ್ಲದ ದಲ್ಲಾಳಿ ಚನ್ನಬಸಪ್ಪನವರು ತಮ್ಮ ಅಕ್ಕನ ಮಗನ ಮಾತೆತ್ತಿದರು. ಪಾವಗಡದ ಕಡೆ ವಳ್ಳೂರಿನವನು, ಶಾಲೆಯಲ್ಲಿ ಮೇಷ್ಟ್ರು. ಮೊದಲು ನಾವಿಬ್ಬರೇ ಬರುತ್ತೇವೆ, ಒಪ್ಪಿಗೆಯಾದರೆ ಹೆಂಗಸರು ಆಮೇಲೆ ಎಂದಿದ್ದರು. ತಾತನಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ಅವರು ಈ ಸಲ ಮುಂದಕ್ಕೆ ಹಾಕುವುದು ಬೇಡ ಎಂದರು. ಆ ವಾರ ಅಡುಗೆಮನೆಯಲ್ಲಿ ದಿನವೂ ಜಗಳ. ಅಮ್ಮನಿಗೆ ಆಗ ತಮ್ಮ ಹೊಟ್ಟೆಯಲ್ಲಿದ್ದ, ಏನು ತಿಂದರೂ ವಾಂತಿ.

"ನನ್ ಕೈಲಿ ಆಗಲ್ಲ ಅತ್ತೆ. ಆ ಕೋಣೆ ಬಾಗ್ಲು ತೆಗುದ್ರೇನೇ ನಂಗೆ ಹೊಟ್ಟೆ ತೊಳುಸ್ತದೆ. ಬಸುರಿನಾ ತಗಂಡೋಗಿ ಪಾಚೀಲಿ ಕೂರುಸ್ತೀರಾ?"

"ಅಂಗಾರೆ ನನ್ ಮಗಳು ಮಡಕೆ ಕಾಯಕ್ಕೇ ಹುಟ್ಟವಳಾ?" ಎಂದರು ಅಜ್ಜಿ.

"ನಾನೆಲ್ಲಿ ಅಂಗಂದೆ? ಕೊಡಿ, ಕೊಟ್ಬುಡಿ. ಬೀಗ ಹಾಕಿ ಕೋಣೇಗೆ."

"ಬೀಗ ಹಾಕು, ಒಲೇಗೂ ನೀರು ಹುಯ್ಯಿ, ನಿನ್ ಗಂಡನ ಸಂಬಳದಾಗೇ ಎಲ್ರನೂ ಸಾಕು ಮತ್ತೆ."

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹೀಗೆ ಅವರ ಸಂಬಳದ ಮಾತು ಬಂದರೆ ಅಮ್ಮ ಸುಮ್ಮನಾಗುತ್ತಿದ್ದರು. ಮಾತು ತಿರುಗಿ ಅಜ್ಜಿಯೇ ಅಳುತ್ತಿದ್ದರು, ತೆಲುಗರ ಸೀಮೆಗೆ ಒಬ್ಬಳೇ ಮಗಳನ್ನು ಕಳಿಸಿ ಹೆಂಗಿರಲಿ ಎಂದು. ನೀಲತ್ತೆ ಇದರಲ್ಲಿ ಯಾವ ಕಡೆಯೂ ಮಾತಾಡಲಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ ನನ್ನನ್ನು ಪಾಚಿ ಕೋಣೆಗೆ ಕರೆದುಕೊಂಡು ಹೋಗಿ, ನನ್ನ ಕೈ ಹಿಡಿದು ತಿರುಗಿಸಿ, ಹಿಂಗೈಯನ್ನು ಪಾಚಿಯ ಮೇಲೆ ಒತ್ತಿಸಿ, "ಏನನ್ಸುತ್ತೆ?" ಎಂದು ಕೇಳಿದಳು. ಚಳಿ ಎಂದೆ. ಅವಳು ಕೈ ಬಿಟ್ಟಳು. ಹೋಗುವ ಮೊದಲು ಕಲಿಸಲು ನೋಡಿದಳೇ, ಅಥವಾ ಯಾರಿಗೂ ಕಲಿಸಲಾಗುವುದಿಲ್ಲ ಎಂದು ತನಗೇ ತೋರಿಸಿಕೊಂಡಳೇ, ಇವತ್ತಿಗೂ ಹೇಳಲಾರೆ.

ಗಂಡಿನ ಕಡೆಯವರು ಬಂದ ದಿನ ಅಜ್ಜಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದರು, ಅಮ್ಮ ಒಲೆಯ ಮುಂದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅವರೆಕಾಳು ಉಪ್ಪಿಟ್ಟು ತಿರುವುತ್ತಿದ್ದರು, ನೀಲತ್ತೆ ನಡುಮನೆಯಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ತಾತ ನೀರು ಕುಡಿಯಲು ಒಳಗೆ ಬಂದು "ಮೇಲಿಂದು" ಎಂದರು. ಇದನ್ನು ನಾನೇ ಕೇಳಿದೆನೋ, ಮುಂದೆ ಅಜ್ಜಿ ಹೇಳಿ ಹೇಳಿ ಕೇಳಿದ ಹಾಗೆ ಆಗಿದೆಯೋ ಗೊತ್ತಿಲ್ಲ, ಆದರೆ ಅವರು ಹಾಗೆ ಹೇಳಿದ್ದು ನಿಜವಿರಬೇಕು. ಅಷ್ಟರಲ್ಲಿ ನನ್ನನ್ನು ಅಂಗಡಿಬೀದಿಗೆ ಅಟ್ಟಿದರು, ವೀಳ್ಯದೆಲೆ ತರಲು ಹೋದ ಅಪ್ಪ ಯಾರ ಜೊತೆಯೋ ಹರಟುತ್ತ ನಿಂತಿದ್ದರು, ಕರೆದುಕೊಂಡು ಬಾ ಎಂದು. ಅಪ್ಪ ನೀನು ನಡಿ, ಬಂದೆ ಎಂದರು. ನಾನು ಓಡಿ ವಾಪಸು ಬರುವಾಗ ನೀಲತ್ತೆ ತಟ್ಟೆ ಹಿಡಿದುಕೊಂಡು ಪಡಸಾಲೆಗೆ ಬರುತ್ತಿದ್ದಳು. ಮೇಲೆ ಬಟ್ಟೆ ಮುಚ್ಚಿತ್ತು. ಹಾಗಾಗಿ ಆ ತಟ್ಟೆ ತುಂಬಿದವರು ಯಾರು ಎಂಬುದನ್ನು ನಾನು ನೋಡಲಿಲ್ಲ.

ಅವಳು ತಟ್ಟೆಯನ್ನು ಮೇಷ್ಟ್ರ ಮುಂದಿಟ್ಟು ಒಳಗೆ ಹೋದಳು. ನಾನು ಕಂಬದ ಪಕ್ಕ ನಿಂತುಕೊಂಡೆ. ಚನ್ನಬಸಪ್ಪನವರು ಕೈಚಾಚಿ ಬಟ್ಟೆ ಎತ್ತಿದರು. ಅವರ ಕೈ ಅರ್ಧದಲ್ಲಿ ನಿಂತಿತು. ಇದು ನನಗೆ ಖಂಡಿತ ಗೊತ್ತು. ಬಟ್ಟೆಯ ತುದಿ ಹಿಡಿದ ಬೆರಳುಗಳು, ಅದರಲ್ಲಿದ್ದ ಉಂಗುರ, ಅವು ಹಾಗೇ ನಿಂತದ್ದು. ತಟ್ಟೆಯ ಬಣ್ಣ ಮಾತ್ರ ನೆನಪನ್ನು ಎಷ್ಟು ಹಿಂಜಿದರೂ ಕಣ್ಣಿಗೆ ಬರುವುದಿಲ್ಲ. ಒಂದು ಸಲ ಬೆಳ್ಳಗೆ ಕಾಣುತ್ತದೆ, ಒಂದು ಸಲ ಕೆಂಪಗೆ. ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು, ಆ ಬಿಸಿಲಿನಲ್ಲಿ ಹೇಗೆ ಬೇಕಾದರೂ ಕಾಣಬಹುದಿತ್ತು. ತಾತ ಎದುರಿಗೇ ಕೂತಿದ್ದರು, ಅವರಿಗೆ ತಟ್ಟೆ ಇದ್ದ ಜಾಗ ತಿಳಿಯುತ್ತಿತ್ತೇ ಹೊರತು ಅದರಲ್ಲಿದ್ದದ್ದು ಕಾಣುತ್ತಿರಲಿಲ್ಲ.

"ತಗಳಪ್ಪ, ಬಾಯಿಗಾಕ್ಕೊ" ಎಂದರು ಚನ್ನಬಸಪ್ಪನವರು ಅಳಿಯನಿಗೆ. ಮೇಷ್ಟ್ರು ಹಾಕಿಕೊಂಡರು. ಇನ್ನೊಂದು ಚಿಟಿಕೆಯನ್ನೂ ಹಾಕಿಕೊಂಡರು. ಮಾವ ಅವರ ಮೊಣಕೈ ತಟ್ಟಿ ಎಬ್ಬಿಸಿದರು.

"ಉಪ್ಪಿಟ್ಟು ಆಗ್ತೈತಲ್ಲ, ಕೂತ್ಕಳಿ" ಎಂದರು ತಾತ.

"ಬ್ಯಾಡಿ ಯಜಮಾನ್ರೆ, ಬಸ್ಸಿಗೊತ್ತಾತು. ನಿಮ್ಮನೆ ಸಕ್ರೆ ತಿಂದ್ವಲ್ಲ, ಸಾಕು."

"ಮತ್ತೆ ಸುದ್ದಿ?"

"ಸುದ್ದಿ ಏನೈತೆ ಬುಡಿ, ಎಲ್ಲಾ ತಟ್ಟೇಲೇ ಐತಲ್ಲ."

ತಾತ ಗಟ್ಟಿಯಾಗಿ ನಕ್ಕರು. ಅವರು ಹೋದ ಮೇಲೆ ಒಳಗೆ ಬಂದು, "ಒಪ್ಕಂಡ್ರು ಕಣೇ, ಲಗ್ನ ನೋಡ್ಸಾನ" ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಕಣ್ಣೊರೆಸಿಕೊಂಡರು. ಅಮ್ಮ ಉಪ್ಪಿಟ್ಟಿನ ಬಾಣಲೆ ಇಳಿಸಿ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ನೀಲತ್ತೆ ರೇಷ್ಮೆ ಸೀರೆ ಬಿಚ್ಚಿಟ್ಟು, ಹಳೆಯದನ್ನು ಉಟ್ಟುಕೊಂಡು, ಪಾಚಿ ಬದಲಾಯಿಸಲು ಹೋದಳು. ತಟ್ಟೆ ಎಲ್ಲಿ ಹೋಯಿತು, ಅದರಲ್ಲಿ ಉಳಿದದ್ದನ್ನು ಯಾರು ಜಾಡಿಗೆ ಸುರಿದರು, ಯಾವ ಜಾಡಿಗೆ ಸುರಿದರು? ಯಾರೋ ನೋಡಿರಲೇಬೇಕು.

ವಳ್ಳೂರಿನಿಂದ ಸುದ್ದಿ ಬರಲಿಲ್ಲ. ತಾತ ದಿನಾ ಮಧ್ಯಾಹ್ನ ಬಸ್ಸಿನ ಹೊತ್ತಿಗೆ ಜಗಲಿಯಲ್ಲಿ ಬಂದು ಕೂರುತ್ತಿದ್ದರು, ಕಾಣದ ಕಣ್ಣಿನಲ್ಲಿ ಬೀದಿ ನೋಡುತ್ತಿದ್ದರು. ಯಾರಾದರೂ ಜಗಲಿಯ ಹತ್ತಿರ ನಿಂತರೆ "ಯಾರಪ್ಪ, ಮಧುಗಿರಿಯೋರಾ?" ಎನ್ನುತ್ತಿದ್ದರು. ಹೋಗಿ ಕೇಳಿ ಬರೋಣವೇ ಎಂದು ಅಪ್ಪ ಒಮ್ಮೆ ಅಂದದ್ದಕ್ಕೆ, "ತಟ್ಟೆ ಆದ್ಮ್ಯಾಕೆ ಕೇಳ್ತಾರೇನಲಾ? ಅವ್ರೇ ಬರ್ಬೇಕು" ಎಂದರು. ಬೆಲ್ಲದ ಗಾಡಿ ಬಂತು, ಅದರ ಜೊತೆ ಚನ್ನಬಸಪ್ಪನವರು ಬರಲಿಲ್ಲ, ಬೇರೆ ಯಾರನ್ನೋ ಕಳಿಸಿದ್ದರು. ಆಮೇಲೆ ಮೇಷ್ಟ್ರಿಗೆ ಹಿಂದೂಪುರದ ಕಡೆ ಹೆಣ್ಣು ಗೊತ್ತಾಯಿತು ಎಂಬ ಮಾತು ಸಂತೆಯಿಂದ ಬಂತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ವಾಕ್ಯ: ವಳ್ಳೂರಿನೋರು ಒಲ್ಲೆ ಅಂದ್ರು. ನೆಂಟರು ಬಂದಾಗ ಅಜ್ಜಿ ತಗ್ಗಿದ ದನಿಯಲ್ಲಿ ಅದನ್ನೇ ಹೇಳುತ್ತಿದ್ದರು. ಒಲ್ಲೆ ಅನ್ನಿಸಿಕೊಂಡ ಹುಡುಗಿಗೆ ಮತ್ತೆ ಯಾರೂ ಬರಲಿಲ್ಲ. ನಾನು ಕೂಡ ಶಾಲೆಯಲ್ಲಿ ಗೆಳತಿಯರಿಗೆ ಅದೇ ವಾಕ್ಯ ಹೇಳಿದ್ದೇನೆ.

ಕೆಲವು ವರ್ಷಗಳಲ್ಲಿ ಸಕ್ಕರೆಯೂ ನಿಂತಿತು. ಮದಲೂರು ಕೆರೆಗೆ ನೀರು ಬರುವುದು ತಪ್ಪಿತು. ಹನುಮಕ್ಕನ ಗಾಡಿಯಲ್ಲಿ ಚೀಲಗಳು ಕಮ್ಮಿಯಾದವು, ಪಾಚಿ ಕಂದಿ ನಾರಿನಂತೆ ಬರತೊಡಗಿತು, ಕೊನೆಗೊಂದು ಸಲ ಬರೀ ಕೈಯಲ್ಲಿ ಬಂದು ಗೋಡೆಯಾಚೆ ನಿಂತು, "ಕೆರೇಲಿ ದನ ಮೇಯ್ತವೆ ಅಮ್ಮಣ್ಣಿ" ಎಂದಳು. ನೀಲತ್ತೆ ಅವತ್ತು ಅವಳನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದಳು. ಅಜ್ಜಿ ನೋಡಿದರೂ ಏನೂ ಅನ್ನಲಿಲ್ಲ. ಇಬ್ಬರೂ ಪಾಚಿ ಕೋಣೆಯ ಹೊಸ್ತಿಲಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ ನೀಲತ್ತೆ ಒದ್ದೆ ಬಟ್ಟೆ ಹೊದಿಸಿ ನೋಡಿದಳು, ಬಾಳೆದಿಂಡು ಜಜ್ಜಿ ಹಾಕಿ ನೋಡಿದಳು. ಸಕ್ಕರೆ ಬೂದಿಬಣ್ಣಕ್ಕೆ ತಿರುಗಿತು. ಮಠದವರು ಒಂದು ಸಲ ತೆಗೆದುಕೊಂಡರು, ಇನ್ನೊಂದು ಸಲ ಗಿರಣಿಯದ್ದೇ ಆದೀತು ಬಿಡಿ ಎಂದು ಹೇಳಿ ಕಳಿಸಿದರು. ಮೂಳೆಯ ಮಾತು ಎಲ್ಲಿ ಹೋಯಿತೋ. ತಾತ ತೀರಿಕೊಂಡಾಗ ಒಲೆ ಆರಿ ಹೋಗಿತ್ತು. ಕೊಪ್ಪರಿಗೆಯನ್ನು ಮದುವೆ ಅಡುಗೆಯ ಕಂಟ್ರಾಕ್ಟರ್ ಒಬ್ಬರು ಕೊಂಡರು. ಅದನ್ನು ಹೊರಗೆ ಸಾಗಿಸಲು ಬಾಗಿಲ ಚೌಕಟ್ಟು ಕೀಳಬೇಕಾಯಿತು. ಯಾರಿಗೂ ಬೇಡವಾದ ತೂತಿನ ಮಡಕೆಗಳಲ್ಲಿ ನೀಲತ್ತೆ ಕನಕಾಂಬರ ಹಾಕಿದಳು. ತೂತಿದ್ದದ್ದು ಗಿಡಕ್ಕೆ ಒಳ್ಳೆಯದೇ ಆಯಿತು.

ನಾನು ಇಷ್ಟನ್ನು ಒಂದು ದುಃಖದ ಕಥೆ ಎಂದು ಮಡಿಸಿ ಇಟ್ಟಿದ್ದೆ. ಅಜ್ಜಿ ಹೋದರು, ಅಪ್ಪ ಹೋದರು, ಹಿಂದೆಯೇ ಅಮ್ಮನೂ. ಮನೆ ಮಾರಿದ ಮೇಲೆ ನೀಲತ್ತೆ ಕೊರಟಗೆರೆಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇದ್ದಾಳೆ. ಈಚೆಗೆ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಪಾವಗಡಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ವಯಸ್ಸಾದವರೊಬ್ಬರು, ನಾನು ಶಿರಾದವಳು ಎಂದದ್ದಕ್ಕೆ ಎಲೆಯಿಂದ ಕೈ ಎತ್ತಿ ನನ್ನ ಮುಖ ನೋಡಿದರು.

"ಏಮ್ಮಾ, ಸಕ್ಕರೆ ಮನೆಯೋರಾ ನೀವು?"

ಹೌದು ಎಂದೆ. ಅವರು ತಮ್ಮ ಊರು ವಳ್ಳೂರು ಎಂದರು. ಶಾಲೆಯಲ್ಲಿ ಮೇಷ್ಟ್ರಾಗಿದ್ದರಂತೆ.

"ಈಗ ಹೊಲ ಇಲ್ಲ ಕಣಮ್ಮ ನಮಗೆ. ಎಲ್ಲಾ ಸೋಲಾರ್ ಪ್ಯಾನಲ್ಲು. ಕಡ್ಲೆಕಾಯಿ ಬಿಟ್ಟು ಬಿಸಿಲು ಬೆಳೀತೀವಿ" ಎಂದು ನಕ್ಕರು. ಪಾಯಸ ಬಡಿಸಿ ಹೋದ ಮೇಲೆ ಹೇಳಿದರು, "ಅವತ್ತು ನಿಮ್ಮನೇಲಿ ಕೆಂಪು ಸಕ್ಕರೆ ಇಟ್ಟರಲ್ಲ, ಎಂಥಾ ರುಚಿ ಅದು. ನಾನು ಎರಡು ಸಲ ತಗೊಂಡೆ. ಬಸ್ಸು ಹತ್ತಿದ ಮೇಲೆ ಮಾವ ಅಂದ, ಅದು ತಿನ್ನೋಕಿಟ್ಟಿದ್ದಲ್ಲ ರಾ, ಪಿಲ್ಲನಿ ಇವ್ವರಂತ ಅರ್ಥ ಅದು, ಹೆಣ್ಣು ಕೊಡಲ್ಲ ಅಂತ. ನಂಗೆ ನಂಬೋಕೇ ಆಗಲಿಲ್ಲ. ಇಲ್ಲ ಅನ್ನೋದು ಅಷ್ಟು ಸಿಹಿ ಇರ್ತದಾ ಅಂತ."

ಮಜ್ಜಿಗೆ ಬಡಿಸಿಕೊಂಡ ಮೇಲೆ ಅವರೇ ಕೇಳಿದರು. "ಆಯಮ್ಮ ಬಾಗುನ್ನಾರಾ?"

"ಇದಾರೆ, ಚೆನ್ನಾಗಿದಾರೆ."

"ಕೈ ತಣ್ಣಗಿತ್ತು ಆಯಮ್ಮಂದು. ತಟ್ಟೆ ಇಡೋವಾಗ ತಾಕಿತ್ತು."

ಹಾಗಾದರೆ ನಮ್ಮ ಮನೆಯ ವಾಕ್ಯ ಸುಳ್ಳು. ಒಲ್ಲೆ ಅಂದದ್ದು ವಳ್ಳೂರಿನವರಲ್ಲ, ನಾವು. ತಟ್ಟೆಯ ಬಣ್ಣ ಕೆಂಪು ಎಂದು ಈಗ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಬೆಳಕಿಂಡಿಯ ಬಿಸಿಲಿನಲ್ಲಿ ಜಿನುಗುವ ಕೆಂಪು. ಆದರೆ ಇದು ಕಂಬದ ಪಕ್ಕ ನಿಂತ ಹುಡುಗಿ ಕಂಡದ್ದೋ, ಮದುವೆ ಮನೆಯಲ್ಲಿ ಮೇಷ್ಟ್ರು ಹೇಳಿದ ಮೇಲೆ ಬಂದು ಕೂತದ್ದೋ, ಬೇರ್ಪಡಿಸಲಾರೆ. ಅಜ್ಜಿ ಇರಬಹುದೇ? ಒಬ್ಬಳೇ ಮಗಳು ದೂರ ಹೋಗುತ್ತಾಳೆ ಎಂದು ಅತ್ತವರು ಅವರು. ಅಮ್ಮ ಇರಬಹುದೇ? ನನಗೆ ಈ ಹೆಸರು ಬರೆಯಲು ಕೈ ಬರುವುದಿಲ್ಲ, ಆದರೆ ಪಾಚಿ ಕೋಣೆ ತನ್ನ ತಲೆಗೆ ಬರುತ್ತದೆ ಎಂದು ಹೆದರಿದ್ದವರು ಅವರೇ, ಆ ಮಧ್ಯಾಹ್ನ ಹಿತ್ತಲಿಗೆ ಓಡಿದವರೂ ಅವರೇ. ಬಸುರಿಯೊಬ್ಬಳು ವಾಂತಿ ಮಾಡಿಕೊಂಡದ್ದನ್ನು ಸಾಕ್ಷಿ ಎನ್ನುವ ಮಗಳು ನಾನು. ಅಥವಾ ಯಾರೂ ಬೇಕೆಂದು ಮಾಡಿರಲಿಕ್ಕಿಲ್ಲ, ಗಡಿಬಿಡಿಯಲ್ಲಿ, ಉಗ್ರಾಣದ ಕತ್ತಲೆಯಲ್ಲಿ ಕೈ ತಪ್ಪು ಜಾಡಿಗೆ ಹೋಗಿರಬಹುದು. ಕೊನೆಗೆ ಉಳಿಯುವುದು ನೀಲತ್ತೆ. ಎರಡು ಸಕ್ಕರೆಗಳ ನಡುವಿನ ವ್ಯತ್ಯಾಸವನ್ನು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು. ಬಟ್ಟೆ ಮುಚ್ಚಿದ್ದರೂ ತಟ್ಟೆಯ ಭಾರದಿಂದಲೇ ಅವಳಿಗೆ ಗೊತ್ತಾಗಿರಬೇಕು. ಜಿಗುಟು ಸಕ್ಕರೆ ಭಾರ ಹೆಚ್ಚು.

ಕೊರಟಗೆರೆಗೆ ಹೋದೆ. ತಮ್ಮನ ಮನೆಯವರು ಹೊರಗೆ ಹೋಗಿದ್ದರು. ನೀಲತ್ತೆ ಅಡುಗೆಮನೆಯ ನೆಲದಲ್ಲಿ ಕೂತು, ಮೊಳಕೆಗೆಂದು ಪಾತ್ರೆಯಲ್ಲಿ ಹುರುಳಿಕಾಳು ಹಾಕಿ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಮೇಷ್ಟ್ರು ಸಿಕ್ಕಿದ್ದನ್ನು ಹೇಳಿದೆ. ಕೆಂಪು ಸಕ್ಕರೆಯನ್ನು ಎರಡು ಸಲ ತೆಗೆದುಕೊಂಡದ್ದನ್ನು, ತಣ್ಣಗಿನ ಕೈಯನ್ನು. ಅವಳು ಕೈ ನಿಲ್ಲಿಸಲಿಲ್ಲ.

"ಅದ್ನೂ ನೆಪ್ಪಿಟ್ಕೊಂಡವರಾ?" ಎಂದಳು.

"ಅತ್ತೆ, ತಟ್ಟೆ ತುಂಬಿದ್ದು ಯಾರು?"

"ಎಲ್ಲಾ ಹೋದ್ರಲ್ಲ ಶೈಲೂ. ಯಾರಾದ್ರೇನು ಬುಡು."

ಅವಳು ಹೇಳಿದ್ದು ಸರಿ ಅನ್ನಿಸಿತು. ಇಷ್ಟು ದಿನ ನಾನು ಯಾರು ಯಾರು ಎಂದು ಮನೆಯ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿದ್ದೆ. ತಾತ ಕೇಳದೆ, ಅಜ್ಜಿ ಕೇಳದೆ, ಅಡುಗೆಮನೆಯಲ್ಲಿ ಅಷ್ಟು ಜಗಳವಾಡಿದರೂ ಅಮ್ಮ ಕೇಳದೆ, ಇತಿಹಾಸ ಪಾಠ ಮಾಡಿ ನಿವೃತ್ತಳಾದ ನಾನೂ ಕೇಳದೆ ಉಳಿದ ಪ್ರಶ್ನೆ ಬೇರೆಯೇ ಇತ್ತು. ಅದನ್ನು ಕೇಳಲು ನಾನು ನೆಲದ ಮೇಲೆ ಅವಳ ಪಕ್ಕ ಕೂರಬೇಕಾಯಿತು.

"ನಿನಗೆ ಹೋಗೋಕೆ ಮನಸ್ಸಿತ್ತಾ ಅತ್ತೆ?"

ನೀಲತ್ತೆ ಕೈಯನ್ನು ತಿರುಗಿಸಿ, ಹಿಂಗೈಯನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿ ಹಿಡಿದಳು. ಕೈ ಇನ್ನೂ ಅಲ್ಲಿರುವಾಗಲೇ ತಮ್ಮನ ಗಾಡಿ ಬಂದ ಸದ್ದಾಯಿತು, ಅವಳು ಎದ್ದು ಬಾಗಿಲು ತೆಗೆಯಲು ಹೋದಳು.

ಅದಾದ ಮೇಲೆ ಕೊರಟಗೆರೆಗೆ ಮತ್ತೆ ಹೋಗಿ ಬಂದಿದ್ದೇನೆ. ಅವಳು ಕಾಫಿ ಕೊಡುತ್ತಾಳೆ, ಮಂಡಿನೋವಿನ ಮಾತಾಡುತ್ತಾಳೆ. ನಾನೂ ತಿರುಗಿ ಕೇಳಿಲ್ಲ. ನಮ್ಮ ಮನೆಯಲ್ಲಿ ತಟ್ಟೆ ಬಂದ ಮೇಲೆ ಮತ್ತೆ ಕೇಳಬಾರದು. ನನ್ನ ಪ್ರಶ್ನೆಗೆ ಮಾತ್ರ ಇನ್ನೂ ತಟ್ಟೆ ಬಂದಿಲ್ಲ.